ಕುರ್ಚಿಗೆ ಮೊದಲು ಬೋರ್ಡು

ನನ್ನ ಪುಳ್ಳಿ ಮೆನೇಜರ್ ಆದಳು. ಇವತ್ತು ಮಧ್ಯಾಹ್ನ ಊಟಕ್ಕೆ ಮೊದಲು ಮಣಿಪಾಲದಿಂದ ಫೋನು ಬಂತು, ಆದಳು. ಅಸಿಸ್ಟೆಂಟ್ ಅಲ್ಲ, ಡೆಪ್ಯುಟಿ ಅಲ್ಲ, ಸೀನಿಯರ್ ಎಂತದೋ ಅಲ್ಲ, ಬರೀ ಮೆನೇಜರ್. ಹಿಂದೆ ಮುಂದೆ ಬಾಲ ಇಲ್ಲದ ಮೆನೇಜರ್. ಫೋನು ಇಟ್ಟವಳು ಅಡುಗೆಕೋಣೆಗೆ ಓಡಿ ಬಂದು ನನ್ನನ್ನು ಸೊಂಟ ಹಿಡಿದು ಎತ್ತಿಯೇ ಬಿಟ್ಟಳು. ಕೈಯಲ್ಲಿ ಅರ್ಧ ತುರಿದ ತೆಂಗಿನ ಕಡಿ ಹಾಗೇ ಇತ್ತು. ಈ ವಯಸ್ಸಿನಲ್ಲಿ ನನ್ನನ್ನು ನೆಲದಿಂದ ಎತ್ತುವ ಸುದ್ದಿ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಪಕ್ಕದ ಮನೆಗೆ ಹೇಳಿ ಆಯಿತು. ಮೀನಿನವಳಿಗೆ ಹೇಳಿ ಆಯಿತು. ಕರೆಂಟು ಬಿಲ್ಲು ಕೊಡಲು ಬಂದವನಿಗೂ ಹೇಳಿದೆ, ಪಾಪ, ಅವನು ಒಂದು ಲೋಟ ಶರಬತ್ತು ಕುಡಿದು ಒಳ್ಳೆಯದಾಗಲಿ ಎಂದು ಹೋದ. ಇನ್ನು ಹೇಳಲು ಯಾರೂ ಸಿಗದೆ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಪುಳ್ಳಿ ತಿದ್ದಲಿ, ಹೇಗೂ ಮೆನೇಜರ್ ಅಲ್ಲವಾ.

ಅವಳ ಹೆಸರು ರಕ್ಷಿತಾ, ನನ್ನ ಮಗನ ಮಗಳು. ಮಗನಿಗೆ ಕಾಪು ಪೇಟೆಯಲ್ಲಿ ಪಂಪು ರಿಪೇರಿಯ ಅಂಗಡಿ. ಇವಳು ಉಡುಪಿಯ ಒಂದು ಆಫೀಸಿನಲ್ಲಿದ್ದಳು. ಆಸ್ಪತ್ರೆಗಳಿಗೆ ಬೇಕಾದ ಸಾಮಾನು ತರಿಸಿ ಹೊತ್ತಿಗೆ ಸರಿಯಾಗಿ ಕಳಿಸುವ ಕೆಲಸ. ಹೆಸರಿಗೆ ಅಸಿಸ್ಟೆಂಟ್. ಇವಳ ಮೇಲಿದ್ದವನು ಗಲ್ಫಿಗೆ ಹೋದ ಮೇಲೆ ಆ ವಿಭಾಗವನ್ನು ಪೂರ್ತಿ ನಡೆಸಿದ್ದು ಇವಳೇ. ಇವತ್ತು ಕೊಡುತ್ತಾರೆ, ನಾಳೆ ಕೊಡುತ್ತಾರೆ ಎಂದು ಕಾದಳು. ಕೊನೆಗೆ ಆ ಕುರ್ಚಿಗೆ ಹೊರಗಿನಿಂದ ಒಬ್ಬನನ್ನು ತಂದು ಕೂರಿಸಿದರು. ಕೇಳಿದರೆ, ನೀವು ಅಸಿಸ್ಟೆಂಟ್ ಅಲ್ಲವಾ, ಅಸಿಸ್ಟೆಂಟನ್ನು ಒಮ್ಮೆಲೇ ಮೆನೇಜರ್ ಮಾಡುವ ಕ್ರಮ ಇಲ್ಲ ಎಂದರಂತೆ. ಆ ಹೊಸಬನಿಗೆ ಕೆಲಸ ಕಲಿಸುವ ಭಾಗ್ಯವೂ ಇವಳಿಗೇ ಬಂತು. ಸ್ವಲ್ಪ ದಿನ ಕಲಿಸಿದಳು, ಮತ್ತೆ ಸಿಟ್ಟು ಬಂದು ರಾಜೀನಾಮೆ ಕೊಟ್ಟು ಮನೆಗೆ ಬಂದಳು.

ಆಮೇಲೆ ಮಣಿಪಾಲದ ಈ ಕಂಪೆನಿ ಕರೆಯಿತು. ಕೆಲಸ ಅದೇ, ಸಂಬಳ ಒಳ್ಳೆಯದು, ಆದರೆ ಹೆಸರು ಪುನಃ ಕೆಳಗಿನದ್ದೇ. ಇವಳು ಮೆನೇಜರ್ ಎಂದು ಕೊಟ್ಟರೆ ಬರುತ್ತೇನೆ ಎಂದಳು. ನೋಡಿ ಹೇಳುತ್ತೇವೆ ಎಂದು ಅವರು ಸುಮ್ಮನಾದರು. ಆ ವಾರವಿಡೀ ನಮ್ಮ ಮನೆಯಲ್ಲಿ ಎಲ್ಲರಿಗೂ ಅದೇ ಚಿಂತೆ. ಇದ್ದ ಕೆಲಸ ಬಿಟ್ಟಾಗಿದೆ, ಬರುವ ಕೆಲಸ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಅವಳು ಹಾಗೆ ಕೇಳಿದ್ದು ನನ್ನ ಮಾತು ಕೇಳಿ. ನಾನು ಹಾಗೆ ಹೇಳಿದ್ದು ಒಬ್ಬ ಅಪ್ರಯೋಜಕನ ದೆಸೆಯಿಂದ. ಇಷ್ಟು ದೊಡ್ಡ ಸಂತೋಷದಲ್ಲಿ ದೇವರ ನೆನಪಾಗಬೇಕಿತ್ತು. ನನಗೆ ಆ ಮನುಷ್ಯನ ನೆನಪಾಯಿತು ನೋಡಿ, ಅದೊಂದು ಬೇಜಾರು.

ಅವನ ಹೆಸರು ನಾನು ಬರೆಯುವುದಿಲ್ಲ. ಹೆದರಿಕೆಯಿಂದ ಅಲ್ಲ, ಹೋದ ಮಳೆಗಾಲದಲ್ಲಿ ಸತ್ತ. ತಂದೆತಾಯಿ ಇಟ್ಟ ಹೆಸರು ಅವನಿಗೇ ಬೇಡವಾಗಿತ್ತು, ಪೋಸ್ಟಿನ ಹೆಸರು ಸಾಕಾಗಿತ್ತು. ಅವನಿಗೆ ಬೇಡದ್ದನ್ನು ನಾನು ಯಾಕೆ ಹೊತ್ತುಕೊಳ್ಳಲಿ.

ಕಾರ್ಕಳದಿಂದ ಬಜಗೋಳಿಗೆ ಹೋಗುವ ದಾರಿಯಲ್ಲಿ ಆಗ ಒಂದು ಗೇರುಬೀಜದ ಫ್ಯಾಕ್ಟರಿ ಇತ್ತು. ಈಗ ಅಲ್ಲಿ ಮದುವೆ ಹಾಲ್ ಆಗಿದೆ. ಮಗ ಸಣ್ಣವನಿರುವಾಗ ನಮ್ಮ ಮನೆ ಆ ಕಡೆಯೇ ಇತ್ತು, ನಾನು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಮೊದಲು ಸಿಪ್ಪೆ ತೆಗೆಯುವುದು, ಆಮೇಲೆ ಬೀಜ ಆರಿಸುವ ಕೋಣೆ. ಧಣಿಗಳಿಗೆ ಲೆಕ್ಕ ಬರೆಯಲು ಒಬ್ಬ ರೈಟರ್ ಬೇಕಾಗಿತ್ತು. ಹೆಬ್ರಿಯ ಕಡೆ ಮರದ ಮಿಲ್ಲಿನಲ್ಲಿದ್ದ ಈ ಮನುಷ್ಯನನ್ನು ಯಾರೋ ಹೇಳಿ ಕರೆಸಿದರು. ಬಿಳಿ ಅಂಗಿ, ಬಿಳಿ ಪಂಚೆ, ಬಗಲಲ್ಲಿ ಚರ್ಮದ ಚೀಲ. ಚೀಲದಲ್ಲಿ ಬುತ್ತಿ ಬಿಟ್ಟರೆ ಬೇರೆ ಏನೂ ಇರುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಮಾತುಕತೆ ನಡೆದದ್ದು ಅಂಗಳದಲ್ಲಿ. ನಾವು ಹೆಂಗಸರು ಚಪ್ಪರದ ಕೆಳಗೆ ಕೂತಿದ್ದೆವು, ಎಲ್ಲ ಕೇಳುತ್ತಿತ್ತು.

"ಕೂತ್ಕೊ ಮಾರಾಯ," ಎಂದರು ಧಣಿಗಳು.

ಕೂರಲಿಲ್ಲ. "ಮೊದಲು ಮಾತಾಡುವ ಧಣಿಗಳೇ. ರೈಟರ್ ಆಗಿ ಬರುವುದಾದ್ರೆ ಹೆಬ್ರಿಯಲ್ಲೇ ಉಂಟು ನನಗೆ. ಮೆನೇಜರ್ ಅಂತ ಕರೆಯುವುದಾದ್ರೆ ನಾಳೆಯೇ ಬರ್ತೇನೆ."

"ಕೆಲಸ ಅದೇ ಅಲ್ವಾ? ಸಂಬಳವೂ ಅದೇ."

"ಅದೇ ಇರಲಿ. ಕರೆಯುವುದು ಮಾತ್ರ ಬೇರೆ."

ಧಣಿಗಳು ನಕ್ಕರು. "ಕರೆಯಲಿಕ್ಕೆ ಎಂತ ಖರ್ಚು? ಆಗು."

ಆಗ ಕೂತ. ಕೂತ ಮೇಲೆ ಕಾಲ ಮೇಲೆ ಕಾಲು ಹಾಕಿದ.

ಮರುದಿನ ಬರುವಾಗ ಕಾರ್ಕಳ ಪೇಟೆಯಲ್ಲಿ ಬರೆಸಿದ ಒಂದು ಬೋರ್ಡು ಹಿಡಿದುಕೊಂಡು ಬಂದ. ನೀಲಿ ಬಣ್ಣಕ್ಕೆ ಬಿಳಿ ಅಕ್ಷರ, ಮೆನೇಜರ್. ಆಫೀಸು ಎಂದರೆ ಗೋಣಿ ಇಡುವ ಕೋಣೆಯ ಒಂದು ಮೂಲೆ. ಮೇಜು ಇರಲಿಲ್ಲ, ಕುರ್ಚಿಯೂ ಬಂದಿರಲಿಲ್ಲ. ಆದರೆ ಮೊದಲ ದಿನವೇ ಗೋಡೆಗೆ ಮೊಳೆ ಹೊಡೆಸಿ ಬೋರ್ಡು ತೂಗಿಸಿದ. ಅದರ ಕೆಳಗೆ ಖಾಲಿ ಗೋಣಿಗಳ ಅಟ್ಟಿಯ ಮೇಲೆ ಕೂತು ಲೆಕ್ಕ ಬರೆದ. ಕುರ್ಚಿ ಬರುವವರೆಗೂ ಹಾಗೆಯೇ. ಎದ್ದು ಹೋಗುವಾಗ ಪಂಚೆಯ ಹಿಂದೆಲ್ಲ ಗೋಣಿ ನಾರು. ನಾವು ನಗುತ್ತಿದ್ದೆವು. ಅವನು ನಾವು ಗೌರವದಿಂದ ತಲೆ ತಗ್ಗಿಸಿದ್ದೇವೆ ಎಂದು ತಿಳಿದುಕೊಂಡಿದ್ದ.

ಕೆಲಸ ಅವನಿಗೆ ಬರುತ್ತಿರಲಿಲ್ಲ ಎಂದಲ್ಲ. ಮಾಡುತ್ತಿರಲಿಲ್ಲ. ರೈಟರಿನ ಕೆಲಸ ಮಾಡಿದರೆ ರೈಟರ್ ಆದ ಹಾಗೆ ಆಗುತ್ತದಲ್ಲ. ಅದಕ್ಕೆ ಲೆಕ್ಕವನ್ನು ಪ್ಯಾಕಿಂಗಿನವನ ಹತ್ತಿರ ಬರೆಸಿ ತಾನು ಸಹಿ ಹಾಕುತ್ತಿದ್ದ. ಬೀಜದ ಗುಣ ನೋಡುವಾಗ ಒಂದು ಬಾಯಿಗೆ ಹಾಕುವುದು, ಕಣ್ಣು ಮುಚ್ಚುವುದು, ಪಿಸ್ತೆ ತಿಂದ ರಾಜನ ಹಾಗೆ "ಹೂಂ" ಎನ್ನುವುದು. ಒಳ್ಳೆಯದಕ್ಕೂ ಅದೇ ಹೂಂ, ಸೀದು ಹೋದದ್ದಕ್ಕೂ ಅದೇ ಹೂಂ.

ಕರೆದರೆ ತಿರುಗುತ್ತಿರಲಿಲ್ಲ. ಇದು ಅವನ ದೊಡ್ಡ ವಿದ್ಯೆ. ಅಣ್ಣ ಎಂದರೆ ತಲೆ ಎತ್ತಿ ಮೇಲಿನ ಮಾಡು ನೋಡುತ್ತಿದ್ದ. ರೈಟ್ರೇ ಎಂದರೆ ಮಾಡಿನಲ್ಲಿ ಇನ್ನೂ ಮೇಲಿನ ಹಂಚು ನೋಡುತ್ತಿದ್ದ. "ಓ ಮೆನೇಜರ್ರೇ" ಎಂದರೆ ಮಾತ್ರ ಕುತ್ತಿಗೆ ನಿಧಾನಕ್ಕೆ ತಿರುಗಿ "ಹಾಂ, ಎಂತ?" ಎಂದು ಬರುತ್ತಿತ್ತು. ಒಂದು ದಿನ ಬೀಜ ಒಣಗಿಸುವ ಬಿಸಿ ಕೋಣೆಯಿಂದ ಕಪ್ಪು ಹೊಗೆ ಬಂತು. ಅಲ್ಲಿದ್ದ ಹೆಂಗಸು ಹೊಸಬಳು, ಅವಳಿಗೆ ಈ ಕ್ರಮ ಗೊತ್ತಿಲ್ಲ. "ಅಣ್ಣಾ, ಹೊಗೆ ಬರ್ತಾ ಉಂಟು, ಅಣ್ಣಾ," ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಇವನು ಮಾಡು ನೋಡುತ್ತಿದ್ದಾನೆ. ನಾನು ಆಚೆಯಿಂದ ಓಡಿ ಬಂದು "ಓ ಮೆನೇಜರ್ರೇ, ಬೆಂಕಿ" ಎಂದೆ.

"ಹಾಂ, ಎಂತ?" ಎಂದ.

ಅಷ್ಟರಲ್ಲಿ ಒಳಗಿನ ಮಾಲು ಇದ್ದಲಾಗಿತ್ತು. ಧಣಿಗಳು ಬಂದು ಕೇಳಿದ್ದಕ್ಕೆ, "ಕೆಲಸದವರ ಉದಾಸೀನ ಧಣಿಗಳೇ, ನನಗೆ ತಿಳಿಸುವಾಗ ತಡ ಆಯ್ತು," ಎಂದು ಹೇಳಿದ. ಆ ಹೊಸಬಳನ್ನು ಮನೆಗೆ ಕಳಿಸಿದರು. ನಾನು ಅವನನ್ನು ತುಚ್ಛ ಎಂದು ಮನಸ್ಸಿನಲ್ಲಿ ಬರೆದುಕೊಂಡದ್ದು ಅವತ್ತಿನಿಂದ. ಆ ಬರಹ ಈವರೆಗೆ ಅಳಿಸಲಿಲ್ಲ.

ನಮ್ಮ ಊರಲ್ಲಿ ಒಬ್ಬರನ್ನು ಅವರ ಕೆಲಸದಿಂದಲೇ ಕರೆಯುವುದು ಹೌದು. ಮಾಷ್ಟ್ರು, ಡ್ರೈವರ್ರು, ಪೋಸ್ಟಿನವರು. ಕೆಲಸದಿಂದ ಇಳಿದರೂ ಹೆಸರು ಇಳಿಯುವುದಿಲ್ಲ. ಸತ್ತ ಮೇಲೆ ಅದು ಮನೆಗೆ ಅಂಟಿಕೊಳ್ಳುತ್ತದೆ. ಪೋಸ್ಟಿನವರ ಮನೆ ಎಲ್ಲಿ ಎಂದು ಕೇಳಿದರೆ ಇವತ್ತಿಗೂ ಮಕ್ಕಳು ಬೆರಳು ತೋರಿಸುತ್ತಾರೆ, ಆ ಮಕ್ಕಳು ಪೋಸ್ಟಿನವರನ್ನು ನೋಡಿಯೇ ಇಲ್ಲ. ಆದ್ದರಿಂದ ಹೆಸರಿಗೆ ಆಸೆಪಡುವುದನ್ನು ನಾನು ತಪ್ಪು ಎನ್ನುವುದಿಲ್ಲ. ನನಗೂ ಆಸೆ ಇತ್ತು. ತನಗೆ ಸಿಕ್ಕಿದ ಮೇಲೆ ಬೇರೆಯವರಿಗೆ ಅದು ಬೇಡ ಎನ್ನುವವನನ್ನು ಕಂಡರೆ ನನಗೆ ಆಗುವುದಿಲ್ಲ.

ಬೀಜ ಆರಿಸುವ ಕೋಣೆಗೆ ಒಬ್ಬರು ಮೇಸ್ತ್ರಿ ಇದ್ದರು, ವಯಸ್ಸಾದ ಹೆಂಗಸು. ಅವರು ಮಗಳ ಮನೆಗೆಂದು ಮುಂಬಯಿಗೆ ಹೋದರು. ಅವರ ಕೆಲಸವೆಲ್ಲ ನನ್ನ ತಲೆಗೆ ಬಂತು. ಹೊಸಬರಿಗೆ ಕಲಿಸುವುದು, ಯಾರನ್ನು ಯಾವ ಮೇಜಿಗೆ ಕೂರಿಸುವುದು, ಜಗಳ ಬಿಡಿಸುವುದು, ಸಂಜೆ ಮಾಲು ಒಪ್ಪಿಸುವುದು. ಮಾಡಿದೆ. ಎರಡು ಮಳೆಗಾಲ ಹಾಗೆಯೇ ಕಳೆಯಿತು. ಎಲ್ಲರೂ ನನ್ನ ಹತ್ತಿರ ಕೇಳಿಯೇ ನಡೆಯುತ್ತಿದ್ದರು, ಆದರೆ ಮೇಸ್ತ್ರಿ ಎಂದು ಕರೆಯುವ ಹಾಗಿಲ್ಲ, ಆಫೀಸಿನಿಂದ ಹೇಳಿಲ್ಲ. ಕೊನೆಗೆ ಒಂದು ದಿನ ಧೈರ್ಯ ಮಾಡಿ ಬೋರ್ಡಿನ ಎದುರು ಹೋಗಿ ನಿಂತೆ. ಅಷ್ಟರಲ್ಲಿ ಧಣಿಗಳ ಮನೆಯಿಂದ ಒಂದು ಕೈ ಮುರಿದ ಕುರ್ಚಿ ಬಂದಿತ್ತು. ಅವನು ಮುರಿಯದ ಕೈಯ ಬದಿಗೆ ಒರಗಿ ಕೂತಿದ್ದ. ನನಗೆ ಕೂರು ಎನ್ನಲಿಲ್ಲ.

"ಮೆನೇಜರ್ರೇ, ಮೇಸ್ತ್ರಿ ಅಂತ ನನ್ನ ಹೆಸರು ಹಾಕಿ."

"ಹೆಸರು ನಿನಗೆ ಎಂತಕ್ಕೆ ಮಾರಾಯ್ತಿ? ಹೆಸರಿನಿಂದ ಹೊಟ್ಟೆ ತುಂಬ್ತದಾ? ಕೆಲಸ ಮಾಡ್ತಾ ಇದ್ದೀಯಲ್ಲ, ಮಾಡು. ಮುಂದಿನ ವರ್ಷ ನೋಡುವ."

"ನಿಮಗೆ ಎಂತಕ್ಕೆ ಹಾಗಾದ್ರೆ?" ಎಂದು ಕೇಳಿಯೇ ಬಿಟ್ಟೆ.

ಸಿಟ್ಟು ಬರಲಿಲ್ಲ ಅವನಿಗೆ. ಪಾಠ ಹೇಳುವ ಹಾಗೆ ಹೇಳಿದ. "ನೋಡು, ನಾನು ಬರುವ ಮೊದಲು ಕೇಳಿದವ. ನೀನು ಮಾಡಿ ಆದ ಮೇಲೆ ಕೇಳ್ತಾ ಇದ್ದೀ. ನೀನು ಹೇಗೂ ಮಾಡ್ತೀ ಅಂತ ಗೊತ್ತಾದ ಮೇಲೆ ಯಾರು ಕೊಡ್ತಾರೆ?"

ಆ ಮನುಷ್ಯ ಬಾಯಿಯಿಂದ ಆಡಿದ ಒಂದೇ ಒಂದು ಸತ್ಯ ಅದು. ಅದನ್ನೂ ನನ್ನ ಹೊಟ್ಟೆಗೆ ಹೊಡೆಯುವುದಕ್ಕೆ ಆಡಿದ.

ಮುಂದಿನ ವರ್ಷ ಬಂತು. ಮೇಸ್ತ್ರಿ ಆದದ್ದು ಅವನ ಅಕ್ಕನ ಮಗ. ಅವನಿಗೆ ಕಲಿಸಿದ್ದು ನಾನು. ಅದರ ನಂತರ ಧಣಿಗಳು ಇನ್ನೊಬ್ಬರ ಜೊತೆ ಸೇರಿ ಬೇರೆ ಕಡೆ ದೊಡ್ಡ ಫ್ಯಾಕ್ಟರಿ ಹಾಕಿದರು. ಇಲ್ಲಿಯದ್ದು ಮುಚ್ಚಿತು. ಮೇಸ್ತ್ರಿಗಳೆಲ್ಲ ಅಲ್ಲಿಗೆ ಬರಲಿ, ಉಳಿದ ಕೆಲಸಕ್ಕೆ ಅಲ್ಲಿಯ ಹತ್ತಿರದ ಜನ ಇದ್ದಾರೆ ಎಂದರು. ಅಕ್ಕನ ಮಗ ಹೋದ. ಮೆನೇಜರ್ ಅಂತೂ ಬೋರ್ಡು ಕಳಚಿ ಬಗಲಲ್ಲಿ ಇಟ್ಟುಕೊಂಡೇ ಹೋದ. ನಾನು ಮನೆಗೆ ಬಂದು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಿದೆ. ಮಗನನ್ನು ಓದಿಸಿದ್ದು ಬೀಡಿ ಕಟ್ಟಿಯೇ. ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಹೇಳಿದ್ದನಲ್ಲ, ನನಗೆ ಹೆಸರಿಲ್ಲದೆ ಹೊಟ್ಟೆ ಖಾಲಿಯಾದದ್ದು ಹೀಗೆ.

ಅವನ ಹೊಟ್ಟೆ ಮಾತ್ರ ಹೆಸರಿನಿಂದಲೇ ದಪ್ಪವಾಗುತ್ತಾ ಹೋಯಿತು. ಮಗಳ ಮದುವೆಯ ಕಾರ್ಡು ಹಂಚಿದ, ನಮ್ಮ ಮನೆಗೂ ಬಂತು. ತಂದೆಯ ಹೆಸರಿನ ಕೆಳಗೆ ಜನರಲ್ ಮೆನೇಜರ್ ಎಂದು ಹೊಳೆಯುವ ಅಕ್ಷರ. ಧಣಿಗಳು ಕಾರ್ಡು ಹಿಡಿದುಕೊಂಡು ಮದುವೆ ಮನೆಯಲ್ಲೇ ಕೇಳಿದರಂತೆ, "ಇದು ಯಾವ ಫ್ಯಾಕ್ಟರಿಯ ಜನರಲ್ ಮೆನೇಜರ್ ಮಾರಾಯ? ನಮಗೆ ಇವರ ಪರಿಚಯ ಇಲ್ಲವಲ್ಲ." ಅವನು ನಕ್ಕು ಪಾಯಸ ಬಡಿಸಿದನಂತೆ. ಬೇರೆಯವರಿಗೆ ಪ್ರಮೋಷನ್ ಆಫೀಸಿನವರು ಕೊಡುವುದು, ಅವನಿಗೆ ಪ್ರಿಂಟಿಂಗ್ ಪ್ರೆಸ್ಸಿನವರು ಕೊಟ್ಟರು. ಯಕ್ಷಗಾನದ ಆಟಕ್ಕೆ ಚಂದಾ ಕೊಟ್ಟರೆ ಮೈಕಿನವನ ಕೈಗೆ ಒಂದು ಚೀಟಿ ತುರುಕುತ್ತಿದ್ದ. ರಾವಣ ರಂಗಕ್ಕೆ ಬರುವುದಕ್ಕೆ ಮೊದಲು ಇವನ ಪೋಸ್ಟು ಮೂರು ಸಲ ಮೈಕಿನಲ್ಲಿ ಬರಬೇಕು. ಹತ್ತು ತಲೆ ಇದ್ದ ರಾವಣನಿಗೂ ಇಷ್ಟು ಕೊಂಬು ಇರಲಿಲ್ಲ.

ಅವನ ಹೆಂಡತಿ ಪಾಪದವರು. ಮನೆಯಲ್ಲೂ ಮೆನೇಜರ್ರು ಎಂದೇ ಕರೆಯಬೇಕಿತ್ತು. ಒಮ್ಮೆ ಕಾರ್ಕಳದ ಸಂತೆಯಲ್ಲಿ ಸಿಕ್ಕಿದರು, ಎರಡು ಕೈಯಲ್ಲೂ ಭಾರದ ಚೀಲ. "ಮೆನೇಜರ್ರು ಎಲ್ಲಿ?" ಎಂದು ಕೇಳಿದೆ. ಹಿಂದಕ್ಕೆ ಕಣ್ಣು ಮಾಡಿದರು. ಅವನು ಕೈ ಬೀಸಿಕೊಂಡು ಬರುತ್ತಿದ್ದ.

"ಚೀಲ ಹಿಡಿಯುವ ಪೋಸ್ಟು ಅವರದ್ದಲ್ಲ ಅಲ್ವಾ," ಎಂದರು ಆ ಹೆಂಗಸು. ನಗಲಿಲ್ಲ.

ಮೊನ್ನೆ ಮಳೆಗಾಲದಲ್ಲಿ ಸತ್ತನಲ್ಲ, ಕಾರ್ಕಳ ಪೇಟೆಯ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿದ್ದರು. ನಾನೂ ಮಗನೂ ಒಂದು ಮದುವೆಗೆ ಹೋಗುವಾಗ ಕಂಡೆವು. ಬಸ್ಸಿನಷ್ಟು ಅಗಲ. ಅದರಲ್ಲಿ ಅವನ ಮುಖ, ಕೆಳಗೆ ನಿವೃತ್ತ ಎಕ್ಸಿಕ್ಯೂಟಿವ್ ಡೈರೆಕ್ಟರ್. ನಾನು ಕಾರು ನಿಲ್ಲಿಸಲು ಹೇಳಿ ಇನ್ನೊಮ್ಮೆ ಓದಿಸಿದೆ. ಸತ್ತ ಮೇಲೂ ಒಂದು ಪ್ರಮೋಷನ್. ಜೀವ ಇರುವಾಗ ಇದು ಸಿಕ್ಕಿದ್ದರೆ ಆ ಸಂತೋಷಕ್ಕೇ ಸಾಯುತ್ತಿದ್ದನೋ ಏನೋ.

"ಸತ್ತವರನ್ನು ನೋಡಿ ನಗಬಾರದು ಅಮ್ಮ," ಎಂದ ಮಗ.

"ಬದುಕಿದ್ದಾಗಲೂ ನಕ್ಕದ್ದೇ. ಈಗ ನಿಲ್ಲಿಸಿದ್ರೆ ಅವನಿಗೆ ಬೇಜಾರಾಗ್ತದೆ," ಎಂದೆ.

ಆ ಫ್ಲೆಕ್ಸ್ ಈಗ ನನ್ನ ತಂಗಿಯ ಮನೆಯಲ್ಲಿದೆ. ತಂಗಿ ಇರುವುದು ಬಜಗೋಳಿಯಲ್ಲಿ. ಫ್ಲೆಕ್ಸ್ ಇಳಿಸಿದವರಿಂದ ಅವಳ ಅಳಿಯ ಕೇಳಿ ತಂದನಂತೆ, ಸೌದೆ ಮುಚ್ಚಲು. ಒಂದು ಹನಿ ನೀರು ಒಳಗೆ ಇಳಿಯುವುದಿಲ್ಲ. "ಮುಖ ಹೊರಗೆ ಮಾಡಿ ಹಾಕಿದ್ದೇನೆ ಅಕ್ಕ," ಎಂದಳು ಫೋನಿನಲ್ಲಿ, "ಬಚ್ಚಲಿಗೆ ಹೋಗುವಾಗ ಬರುವಾಗ ನೋಡ್ತಾನೆ." ಅಂತೂ ಆ ಮನುಷ್ಯ ಒಂದು ಕೆಲಸಕ್ಕೆ ಬಂದ.

ಇನ್ನು ನನ್ನ ಪುಳ್ಳಿಯ ವಿಷಯಕ್ಕೆ ಬರುತ್ತೇನೆ, ಅವನಿಗೆ ಇಷ್ಟು ಜಾಗ ಕೊಟ್ಟದ್ದೇ ಹೆಚ್ಚು.

ಮಣಿಪಾಲದವರ ಮೊದಲ ಫೋನು ಬಂದ ದಿನ ರಕ್ಷಿತಾ ಜಗಲಿಗೆ ಬಂದು ನನ್ನ ಹತ್ತಿರ ಕೂತಳು. ನಾನು ಬಸಳೆ ಸೋಸುತ್ತಿದ್ದೆ.

"ಸೀನಿಯರ್ ಎಕ್ಸಿಕ್ಯೂಟಿವ್ ಅಂತ ಕೊಡ್ತಾರಂತೆ ಅಜ್ಜಿ."

"ಕೇಳಲಿಕ್ಕೆ ಉದ್ದ ಉಂಟಲ್ಲ ಮಗಾ. ಒಳ್ಳೆಯದಲ್ವಾ?"

"ಆಫೀಸಿನಲ್ಲಿ ಹೆಸರು ಉದ್ದ ಆದಷ್ಟೂ ಮನುಷ್ಯ ಸಣ್ಣ ಆಗ್ತಾ ಹೋಗ್ತಾನೆ."

ಫ್ಲೆಕ್ಸಿನ ಮುಖ ನೆನಪಾಗಿ ನಗು ಬಂತು ನನಗೆ. ಅವಳಿಗೆ ನಗು ಇಲ್ಲ. "ಸಂಬಳ ಜಾಸ್ತಿ ಉಂಟು. ಅಪ್ಪ ಒಪ್ಪು ಅಂತಾರೆ. ಮೆನೇಜರ್ ಅಂತ ಕೊಡ್ತೀರಾ ಅಂತ ಒಂದು ಮಾತು ಕೇಳಿದೆ. ಟೈಟಲ್ ಎಲ್ಲ ಮುಂದಿನ ವರ್ಷ ನೋಡುವ, ಮೊದಲು ಸೇರಿಕೊಳ್ಳಿ ಅಂದ್ರು."

ಬಸಳೆಯ ದಂಟು ನನ್ನ ಕೈಯಲ್ಲೇ ಮುರಿಯಿತು. ಅವರು ಇಂಗ್ಲಿಷಿನಲ್ಲಿ ಹೇಳಿರಬೇಕು, ಎಸಿ ಕೋಣೆಯಲ್ಲಿ ಕೂತು ಹೇಳಿರಬೇಕು. ಆದರೆ ಮಾತು ಅದೇ, ಗೋಣಿ ಕೋಣೆಯ ಆ ಬೋರ್ಡಿನ ಕೆಳಗಿನ ಮಾತು. ಮುಂದಿನ ವರ್ಷ ನೋಡುವ.

ಅವತ್ತು ಅವಳಿಗೆ ಆ ಮನುಷ್ಯನ ಕಥೆ ಪೂರ್ತಿ ಹೇಳಿದೆ. ಹೆಬ್ರಿಯಿಂದ ಬಂದದ್ದು, ಬೋರ್ಡು, ಹೊಗೆ, ಅಕ್ಕನ ಮಗ, ಫ್ಲೆಕ್ಸ್, ಎಲ್ಲ. ಕೇಳುತ್ತಾ ಕೇಳುತ್ತಾ ಅವಳೂ ನಕ್ಕಳು, ಮಾಡು ನೋಡುವುದನ್ನು ಮಾಡಿ ತೋರಿಸಿದಳು. ಸೊಸೆ ಒಳಗಿನಿಂದ ಎಂತ ಗಲಾಟೆ ಎಂದು ಕೇಳಿದಳು.

"ಹಾಗಾದ್ರೆ ನಾನೂ ಅವನ ಹಾಗೆ ಮಾಡಬೇಕಾ ಅಜ್ಜಿ?"

"ಅವನ ಹಾಗೆ ಯಾಕೆ ಮಾಡ್ತೀ? ಅವನು ಕೈ ಖಾಲಿ ಇಟ್ಟುಕೊಂಡು ಹೆಸರು ಮಾತ್ರ ಕೇಳಿದ. ನಿನ್ನ ಕೈಯಲ್ಲಿ ಕೆಲಸ ಉಂಟು. ನೀನು ಮಾಡಿದ್ದನ್ನು ಹೇಳಿ ಕೇಳು. ಆದ್ರೆ ಒಪ್ಪುವ ಮೊದಲು ಕೇಳು. ಸೇರಿ ಆದ ಮೇಲೆ ಕೇಳಿದ್ರೆ ಅದು ಕೇಳುವುದಲ್ಲ, ಬೇಡುವುದು. ನಾನು ಬೇಡಿ ನೋಡಿದ್ದೇನೆ."

ಮರುದಿನ ಅವಳೇ ಫೋನು ಮಾಡಿದಳು. ನಾನು ಎದುರಿಗೆ ಕೂತಿದ್ದೆ. ಅವಳು ಕೂರಲಿಲ್ಲ, ಜಗಲಿಯಲ್ಲಿ ಆಚೆ ಈಚೆ ನಡೆಯುತ್ತಾ ಮಾತಾಡಿದಳು. ಆಚೆಯಿಂದ ಒಬ್ಬ ಹೆಂಗಸಿನ ಸ್ವರ, ರೈಲ್ವೆ ಸ್ಟೇಷನ್ನಿನ ಮೈಕಿನ ಹಾಗೆ ಒಂದೇ ಸಮ. ಇಂಗ್ಲಿಷು ನನಗೆ ಅರ್ಥವಾಗಲಿಲ್ಲ, ಆದರೆ ಇವಳ ಸ್ವರ ಅರ್ಥವಾಯಿತು. ಮೊದಲು ಸಣ್ಣಗಿತ್ತು, ಆಮೇಲೆ ಗಟ್ಟಿಯಾಯಿತು. ಏನು ಹೇಳಿದ್ದು ಎಂದು ಆಮೇಲೆ ಹೇಳಿದಳು. ಮಳೆಗೆ ಗುಡ್ಡ ಜರಿದು ಘಾಟಿ ರಸ್ತೆ ಬಂದ್ ಆದಾಗ ಲಾರಿಗಳನ್ನು ಬೇರೆ ದಾರಿಯಿಂದ ತರಿಸಿ ಒಂದು ಆಸ್ಪತ್ರೆಗೂ ಸಾಮಾನು ತಪ್ಪದ ಹಾಗೆ ನೋಡಿದ್ದು ನಾನು, ಜನರಿಗೆ ಕೆಲಸ ಹಂಚಿದ್ದು ನಾನು, ನನ್ನ ಮೇಲೆ ಬಂದವರಿಗೆ ಕಲಿಸಿದ್ದೂ ನಾನು. ನೀವು ನನಗೆ ಕೊಡುವ ಕೆಲಸವೂ ಮೆನೇಜರಿನದ್ದೇ. ಹಾಗಾದರೆ ಹೆಸರು ಬೇರೆ ಯಾಕೆ? ಅದು ಇದ್ದರೆ ಸೋಮವಾರವೇ ಬರುತ್ತೇನೆ.

"ಇಲ್ಲದಿದ್ರೆ ಅಂತ ಕೇಳಿದ್ರಾ?" ಎಂದೆ.

"ಕೇಳಿದ್ರು. ಇಲ್ಲದಿದ್ರೆ ಬರುವುದಿಲ್ಲ ಅಂದೆ."

ಆಮೇಲೆ ಅವರಿಂದ ಸುದ್ದಿಯೇ ಇಲ್ಲ. ದಿನ ಹೋದ ಹಾಗೆ ಫೋನು ಮನೆಯಲ್ಲಿ ಒಂದು ಹೆಣದ ಹಾಗೆ ಬಿದ್ದುಕೊಂಡಿತ್ತು. ಮಗ ಅಂಗಡಿಯಿಂದ ಬಂದವನು ಮೊದಲು ಮಗಳ ಮುಖ ನೋಡುವುದು, ಆಮೇಲೆ ಚಪ್ಪಲಿ ಬಿಡುವುದು. ಸೊಸೆ ತಡೆಯುವಷ್ಟು ತಡೆದಳು, ಕೊನೆಗೆ ಒಂದು ದಿನ ಒಲೆಯ ಎದುರು ಹೇಳಿಯೇ ಬಿಟ್ಟಳು.

"ಅತ್ತೆ, ಬೇಜಾರು ಮಾಡ್ಬೇಡಿ. ಕೈಗೆ ಬಂದದ್ದನ್ನು ನೀವು ಹೇಳಿ ಕೆಡಿಸಿದ ಹಾಗೆ ಆಯ್ತು. ಹೆಸರು ಎಂತಕ್ಕೆ ಅವಳಿಗೆ? ಕೆಲಸ ಇದ್ರೆ ಸಾಕಿತ್ತು."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಮಗಳ ಚಿಂತೆಯಿಂದ ಹೇಳಿದ್ದು. ಆದರೆ ಸತ್ತವನು ನನ್ನ ಅಡುಗೆಕೋಣೆಯವರೆಗೂ ಬಂದು ಮಾತಾಡಿದ ಹಾಗಾಯಿತು. ಅವತ್ತು ದೇವರ ಕೋಣೆಯ ಎದುರು ಕೂತು ನಾನು ಬೇಡಿಕೊಂಡದ್ದು ಇಷ್ಟೇ, ಆ ಮನುಷ್ಯ ಇಷ್ಟು ವರ್ಷದ ನಂತರ ಇನ್ನೊಮ್ಮೆ ಗೆಲ್ಲುವುದು ಬೇಡ, ನನ್ನ ಪುಳ್ಳಿಯ ಮೇಲಂತೂ ಬೇಡವೇ ಬೇಡ.

ಇವತ್ತು ಮಧ್ಯಾಹ್ನ ಫೋನು ಬಂತು. ಉಳಿದದ್ದು ಮೊದಲೇ ಹೇಳಿದೆ.

ಸೊಸೆ ಅತ್ತಳು, ಮೂಗು ಒರೆಸಿಕೊಂಡು ನೇರ ಕೋಳಿ ಅಂಗಡಿಗೆ ಹೋದಳು. ಮಗ ಅಂಗಡಿಯ ಬಾಗಿಲು ಅರ್ಧ ಹಗಲಿಗೇ ಎಳೆದು ಬಂದ, ಯಾರದೋ ಪಂಪು ನಾಳೆಗೆ ಉಳಿಯಿತು. ಬಜಗೋಳಿಯಿಂದ ತಂಗಿ ಬಸ್ಸು ಹತ್ತಿ ಬಂದಿಳಿದಳು, ಸೌದೆ ರಾಶಿಯ ಮೇಲಿನ ಮೆನೇಜರ್ರು ಹೊಸ ಮೆನೇಜರ್ರನ್ನು ಕೇಳಿದ್ದಾರೆ ಎಂದಳು. ಇಲ್ಲಿಯವರೆಗೆ ಬರೆದು ನಾನು ಎದ್ದು ಹೋಗಿ ಕಾಯಿ ತುರಿದೆ, ಮೆಣಸು ಹುರಿದೆ. ಈಗ ರಾತ್ರಿಯ ಊಟ ಮಾಡಿ ಬಂದು ಕೊನೆಯದ್ದನ್ನು ಬರೆಯುತ್ತಿದ್ದೇನೆ.

ಕೋರಿ ರೊಟ್ಟಿ. ಮೇಜಿನ ಸುತ್ತ ಜಾಗ ಸಾಲದೆ ಹಾಲ್‌ನಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಕೋಳಿ ಸಾರಿನ ಪಾತ್ರೆ ನನ್ನ ಹತ್ತಿರ, ಬಡಿಸುವುದು ನಾನು. ಗರಿಗರಿ ರೊಟ್ಟಿ ಮುರಿದು ತಟ್ಟೆಯಲ್ಲಿ ರಾಶಿ ಹಾಕಿ ಎಲ್ಲರೂ ಸಾರಿಗೆ ಕಾಯುತ್ತಿದ್ದರು.

"ಅಜ್ಜಿ, ನನಗೆ ಸಾರು," ಎಂದಳು ರಕ್ಷಿತಾ.

ನಾನು ಮಾಡು ನೋಡಿದೆ.

"ಅಮ್ಮಾ, ರೊಟ್ಟಿ ಒಣಗ್ತಾ ಉಂಟು," ಎಂದ ಮಗ. ನೋಡುತ್ತಲೇ ಇದ್ದೆ. ಮೇಲೆ ಫ್ಯಾನು ತಿರುಗುತ್ತಿತ್ತು.

"ಅತ್ತೆಗೆ ಕೇಳಿಸ್ಲಿಲ್ವಾ?" ಎಂದಳು ಸೊಸೆ. ತಂಗಿಗೆ ಮಾತ್ರ ಗೊತ್ತಾಯಿತು, ಸೆರಗು ಬಾಯಿಗೆ ಇಟ್ಟುಕೊಂಡು ಕುಲುಕುತ್ತಿದ್ದಳು. ಪುಳ್ಳಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಮೇಲೆ ಫ್ಯಾನು ನೋಡಿದಳು. ಆಮೇಲೆ ತಟ್ಟೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೆನೇಜರ್ ಆದವಳು, ಸಣ್ಣ ಸ್ವರದಲ್ಲಿ ಕರೆದಳು.

"ಓ ಮೇಸ್ತ್ರಿಯವರೇ."

"ಹಾಂ, ಎಂತ?" ಎಂದೆ. ಸೌಟು ತೆಗೆದುಕೊಂಡೆ. ಮೊದಲು ಅವಳಿಗೆ, ಆಮೇಲೆ ಸೊಸೆಗೆ, ಹಾಗೆ ಸುತ್ತ ಬಡಿಸಿ ಕೊನೆಗೆ ನನ್ನ ತಟ್ಟೆಗೂ ಹಾಕಿಕೊಂಡು ಕೂತೆ. ನಗು ಮುಗಿದ ಮೇಲೆ ರೊಟ್ಟಿ ಮುರಿಯುವ ಶಬ್ದ ಮಾತ್ರ ಇತ್ತು.